ಎಲ್ಲ ಎಂಜಿನ್ನಿಗೂ ಮೂರನೇ ನಂಬರು

ಕಾಂಪೌಂಡರು ಗುರುವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ತೀರಿಕೊಂಡರು. ಬುಧವಾರ ಎದೆಯ ಆಪರೇಷನ್ ಆಗಿತ್ತು, ಆಮೇಲೆ ಎಚ್ಚರವಾಗಲಿಲ್ಲ. ವಯಸ್ಸು ಅರವತ್ತೊಂಬತ್ತು.

ಅದಕ್ಕೆ ನಾಲ್ಕು ದಿನ ಮೊದಲು, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಅವರ ಮನೆಯ ಮಹಡಿ ಕೋಣೆಯಲ್ಲಿ ಜಗಳ ಚೆನ್ನಾಗಿ ಕಾವೇರಿತ್ತು.

ಕಾಂಪೌಂಡರು: ಹಾಗಾದ್ರೆ ಮೂರನೇದೂ ಬೇಡ ಅಂತೀಯ?

ಪ್ರೂಫು: ಬೇಡ ಅಂತ ನಾನೆಲ್ಲಿ ಅಂದೆ? ನಲವತ್ತೆರಡನೇ ಪುಟ ನೋಡು ಅಂದೆ.

ಕಾಂಪೌಂಡರು: ನೋಡ್ದೆ. ರೈಲಿನ ಚಿತ್ರ ಇದೆ. ಚೆನ್ನಾಗಿದೆ.

ಪ್ರೂಫು: ಚಿತ್ರದ ಕೆಳಗೆ ನೋಡಯ್ಯಾ. 'ಚಿತ್ರ ಏಳು' ಅಂತಿದೆ. ಹಿಂದಿನ ಪುಟದ್ದಕ್ಕೂ 'ಚಿತ್ರ ಏಳು'. ಆರು ಎಲ್ಲಿಗೆ ಹೋಯ್ತು? ಆರರವರೆಗೆ ಎಣಿಸೋಕೆ ಬರದೇ ಇರೋರು ನಿನ್ನ ಆರು ಎಂಜಿನ್ನು ಹೇಗೆ ಓಡಿಸ್ತಾರೆ?

ಕಾಂಪೌಂಡರು: ಅವರು ಬಂದು ಓಡಿಸಲ್ಲ ಕಣೋ. ಓಡಿಸೋನು ನಾನು.

ಪ್ರೂಫು: ಅದೇ ಪುಸ್ತಕ ಓದ್ಕೊಂಡು ತಾನೇ ಓಡಿಸ್ತೀಯ?

ಕಾಂಪೌಂಡರು ಯೋಚನೆಗೆ ಬಿದ್ದರು. ಅವರು ಯೋಚನೆಗೆ ಬಿದ್ದರೆಂದರೆ ಒಂದು ತಿಂಗಳು ಹೋಯಿತೆಂದೇ ಲೆಕ್ಕ.

ಪ್ರೂಫು ಅವರ ಗೆಳೆಯ. ಅಚ್ಚುಕೂಟವೊಂದರಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿ ನಿವೃತ್ತನಾದವನು. ಕೆಲಸ ಬಿಟ್ಟಿತ್ತು, ಚಾಳಿ ಬಿಟ್ಟಿರಲಿಲ್ಲ. ಬಹಳ ಓದಿದವನು ಎಂದು ನಾಲ್ಕು ಜನ ಹೇಳುತ್ತಿದ್ದರು, ಐದನೆಯವನಾಗಿ ತಾನೂ ಹೇಳಿಕೊಳ್ಳುತ್ತಿದ್ದ. ಮೊಸರಲ್ಲಿ ಕಲ್ಲು ಹುಡುಕುವವರು ಊರಿಗೊಬ್ಬರು ಇರುತ್ತಾರೆ. ಇವನಾದರೋ ಕಲ್ಲು ಸಿಗದಿದ್ದರೆ ಮೊಸರೇ ಸರಿಯಿಲ್ಲ ಎನ್ನುವ ಪೈಕಿ. ಕಾಂಪೌಂಡರು ಆಸ್ಪತ್ರೆಯ ಔಷಧ ಕೊಡುವ ಕಿಟಕಿಯ ಹಿಂದೆ ಅಷ್ಟೇ ವರ್ಷ ಕಳೆದವರು; ಲೇಬಲ್ಲನ್ನು ಮೂರು ಸಲ ಓದದೆ ಸೀಸೆಯನ್ನು ಕೈಯಿಂದ ಬಿಟ್ಟವರಲ್ಲ. ಇಂಥ ಇಬ್ಬರು ಸೇರಿ ಒಂದು ವಸ್ತು ಕೊಳ್ಳುತ್ತೇವೆಂದು ಕೂತಿದ್ದರು. ಕೂತು ಹದಿನಾಲ್ಕು ತಿಂಗಳಾಗಿತ್ತು.

ಕೊಳ್ಳಬೇಕಾದದ್ದು ಆಟಿಕೆ ರೈಲಿನ ಡಿಜಿಟಲ್ ಕಂಟ್ರೋಲು. ಆಟಿಕೆ ಎಂದರೆ ಕಾಂಪೌಂಡರಿಗೆ ಕೋಪ ಬರುತ್ತಿತ್ತು. ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಮಾಡಿದ ಮೇಜು, ಅದರ ಸುತ್ತ ಹಳಿ, ನಡುವೆ ಎರಡು ಪ್ಲಾಟ್‌ಫಾರಮ್ಮಿನ ಒಂದು ಸ್ಟೇಷನ್, ಮೂಲೆಯಲ್ಲಿ ಗುಡ್ಡ. ಪ್ರೂಫು ಅಚ್ಚುಕೂಟದಿಂದ ತಂದ ರದ್ದಿ ಕರಡುಗಳನ್ನು ಅಂಟಿನಲ್ಲಿ ನೆನೆಸಿ ಮಾಡಿದ ಗುಡ್ಡ ಅದು. ಅದರ ಸುರಂಗದೊಳಗೆ ಬಗ್ಗಿ ನೋಡಿದರೆ ಇನ್ನೂ ಒಂದೆರಡು ಸಾಲು ಓದಬಹುದಿತ್ತು. ಪ್ರೂಫು ಆಗಾಗ ಬಗ್ಗಿ ಓದಿ, ಅಲ್ಲೂ ಒಂದು ತಪ್ಪು ಉಳಿದಿದೆ ಎಂದು ಕೊರಗುತ್ತಿದ್ದ.

ಮಹಡಿಯ ಮೆಟ್ಟಿಲಲ್ಲಿ ಸದ್ದಾಯಿತು. ಕಾಂಪೌಂಡರ ಹೆಂಡತಿ ಮೂರು ಲೋಟ ಟೀ ಹಿಡಿದು ಬಂದರು. ಸರ್ಕಾರಿ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದವರು. ಬೆರಳು ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಹೆಂಡತಿ: ಏನು, ಹೆಸರಿಟ್ರಾ ಮೂರನೇದಕ್ಕೂ?

ಪ್ರೂಫು: ಹೆಸರಿಡೋ ಮಾತಲ್ಲ ಅತ್ತಿಗೆ. ತೂಕ ಮಾಡ್ತಿದೀವಿ.

ಹೆಂಡತಿ: ತೂಕ ಮಾಡೋರ ತಕ್ಕಡಿ ತುಕ್ಕು ಹಿಡೀತು. ಮೇಜಿನ ಮೇಲೆ ಧೂಳು ಎಷ್ಟಿದೆ ನೋಡಿ. ಸ್ಟೇಷನ್ನಲ್ಲಿ ನಿಂತಿರೋ ಆ ಗೊಂಬೆ ಜನ ರೈಲು ಕಾದೂ ಕಾದೂ ನರೆತು ಹೋಗಿದಾರೆ.

ಕಾಂಪೌಂಡರು: ನಿನಗೆ ಇದೆಲ್ಲಾ ಅರ್ಥ ಆಗಲ್ಲ. ಹಳೇ ಪದ್ಧತಿಗೂ ಹೊಸದಕ್ಕೂ...

ಹೆಂಡತಿ: ಗೊತ್ತು ರೀ, ಬಾಯಿಪಾಠ ಆಗಿದೆ. ಹಳೇದರಲ್ಲಿ ಹಳಿಗೆ ಕರೆಂಟು ಬಿಟ್ರೆ ಮೇಲಿರೋದೆಲ್ಲಾ ಓಡುತ್ತೆ. ಹೊಸದರಲ್ಲಿ ಒಂದೊಂದು ಎಂಜಿನ್ನಿಗೂ ಒಂದೊಂದು ನಂಬರು, ಯಾರನ್ನ ಕರೀತೀರೋ ಅವನು ಮಾತ್ರ ಬರ್ತಾನೆ. ಈ ಮನೇಲಿ ಕರೆದ್ರೆ ಒಬ್ಬನಾದ್ರೂ ಬರ್ತಾನಲ್ಲ ಅಂತ ನಾನೂ ಖುಷಿ ಪಟ್ಟಿದ್ದೆ.

ಪ್ರೂಫು: ನೋಡಿದ್ಯಾ, ಸರಿಯಾಗೇ ಹೇಳಿದ್ರು. ಒಂದು ತಪ್ಪಿಲ್ಲ.

ಹೆಂಡತಿ: ನಿಮ್ಮ ಸರ್ಟಿಫಿಕೇಟು ಬೇಡ ಪ್ರೂಫಣ್ಣ. ಇದ್ದ ಹಳೇ ಕಂಟ್ರೋಲು ಎಲ್ಲಿ ಅಂತ ಇವರನ್ನ ಕೇಳಿ.

ಕಾಂಪೌಂಡರು ಟೀ ಲೋಟದಲ್ಲಿ ಮುಖ ಮುಚ್ಚಿಕೊಂಡರು. ಆ ಕಥೆ ಎಲ್ಲರಿಗೂ ಗೊತ್ತಿತ್ತು. ಹೊಸದನ್ನು ಕೊಳ್ಳುವುದೆಂದು ತೀರ್ಮಾನಿಸಿದ ದಿನವೇ ಅವರು ಹಳೆಯ ಕಂಟ್ರೋಲನ್ನು ಬಿಚ್ಚಿ, ಒರೆಸಿ, ಪೊಟ್ಟಣ ಕಟ್ಟಿ ಒಂದು ಶಾಲೆಗೆ ಕೊಟ್ಟು ಬಂದಿದ್ದರು. ಕೇಳಿದರೆ, ಹಳೇ ಮದ್ದು ನಿಲ್ಲಿಸದೆ ಹೊಸ ಮದ್ದು ಶುರುಮಾಡಬಾರದು, ಎರಡೂ ಸೇರಿದರೆ ಅನಾಹುತ ಎಂದಿದ್ದರು. ಮದ್ದಿನ ವಿಷಯದಲ್ಲಿ ಅದು ಸರಿಯಾದ ಮಾತೇ.

ಹೆಂಡತಿ: ಹಳೇ ಮದ್ದು ನಿಲ್ಲಿಸಿದ್ರು. ಹೊಸದು ಯಾವುದು ಅಂತ ಹದಿನಾಲ್ಕು ತಿಂಗಳಿಂದ ಮೀನಮೇಷ. ರೋಗಿ ಅಲ್ಲಿ ಹಳಿ ಮೇಲೆ ಮಲಗಿದಾನೆ.

ಕಾಂಪೌಂಡರು: ಸುಮ್ಮನೆ ಕೂತಿಲ್ಲ ನಾನು. ಆರು ಎಂಜಿನ್ನಿಗೂ ನಾನೇ ಆ ನಂಬರು ಹಿಡಿಯೋ ಎಲೆಕ್ಟ್ರಾನಿಕ್ ಚಿಪ್ಪು ಕೂರಿಸಿದೀನಿ. ಚಿಮಟ ಹಿಡ್ಕೊಂಡು, ಒಂದೊಂದಕ್ಕೆ ಒಂದು ವಾರ. ಮೂರೂ ಕಂಟ್ರೋಲಿನ ಗುಣ, ಅಡ್ಡ ಪರಿಣಾಮ ಎಲ್ಲಾ ಬರೆದಿಟ್ಟಿದೀನಿ.

ಬರೆದಿಟ್ಟಿದ್ದರು ನಿಜ. ಮೂರರ ಪುಸ್ತಕಗಳನ್ನು ಮಾತ್ರ ಅಂಗಡಿಯಿಂದ ಮೊದಲೇ ತಂದಿಟ್ಟುಕೊಂಡಿದ್ದರು. ಮೂರು ಖಾಲಿ ಸೀಸೆಗಳಿಗೆ ಮೂರು ಲೇಬಲ್ಲು ಅಂಟಿಸಿ, ಚೀಟಿಗಳನ್ನು ಸುರುಳಿ ಸುತ್ತಿ ಒಳಗೆ ಹಾಕಿ, ಕಿಟಕಿಯ ಅಂಚಿನಲ್ಲಿ ಸಾಲಾಗಿ ಇಟ್ಟಿದ್ದರು. ಮೊದಲ ಸೀಸೆಯಲ್ಲಿ ಎರಡು ಗುಂಡಿ, ಒಂದು ಪರದೆ ಇರುವ ದೊಡ್ಡ ಪೆಟ್ಟಿಗೆ. ಎರಡನೆಯದರಲ್ಲಿ ಫೋನಿನಿಂದಲೇ ಓಡಿಸುವುದು. ಮೂರನೆಯದರಲ್ಲಿ ಕಂಪ್ಯೂಟರ್, ಅದು ರೈಲನ್ನು ತಾನೇ ಓಡಿಸುತ್ತದೆ, ಮನುಷ್ಯರು ಕೂತು ನೋಡಬಹುದು.

ಹೆಂಡತಿ: ಹಾಗೆ ನೋಡಿದ್ರೆ ನಿಮ್ಮನ್ನ ಅನ್ನೋದು ತಪ್ಪೇ. ನೀವು ಮೂರು ಸಲ ಹೊರಟಿದ್ರಿ. ಮೂರು ಸಲವೂ ಅಡ್ಡ ಬಂದೋರು ಈ ಪುಣ್ಯಾತ್ಮರು.

ಪ್ರೂಫು: ನಾನಾ?

ಹೆಂಡತಿ: ಇನ್ನೇನು ಗುಡ್ಡದ ಹಿಂದೆ ಯಾರಾದ್ರೂ ಇದಾರಾ? ದೊಡ್ಡ ಪೆಟ್ಟಿಗೆ ತರೋಕೆ ಇವರು ಶರ್ಟು ಹಾಕ್ಕೊಂಡು ಚಪ್ಪಲಿ ಮೆಟ್ಟಿದ್ರು. ಬಾಗಿಲಲ್ಲಿ ಸಿಕ್ಕಿ ಏನಂದ್ರಿ?

ಪ್ರೂಫು: ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಒಂದು ವಾಕ್ಯ ಪೂರ್ತಿ ಆಗಿಲ್ಲ ಅಂದೆ. ಇದ್ದದ್ದು ಹೇಳ್ದೆ.

ಹೆಂಡತಿ: ವಾಕ್ಯ ಪೂರ್ತಿ ಆಗಿಲ್ಲ ಅಂತ ಹಾಕ್ಕೊಂಡ ಶರ್ಟು ಬಿಚ್ಚಿಸಿದ್ರಿ. ಎರಡನೇದಕ್ಕೆ?

ಪ್ರೂಫು: ಎರಡನೇದು ಗಂಭೀರವಾದ ತಪ್ಪು ಅತ್ತಿಗೆ. ಬರಹದಲ್ಲಿ ಎಡಗಡೆ ಅಂತಿದೆ, ಚಿತ್ರದಲ್ಲಿ ಬಲಗಡೆ ತೋರಿಸಿದಾರೆ. ಒಟ್ಟು ಹದಿನೇಳು ತಪ್ಪು. ನನ್ನ ಹತ್ರ ಪಟ್ಟಿ ಇದೆ.

ಹೆಂಡತಿ: ರೈಲು ಓಡ್ಸೋಕೆ ಕಂಟ್ರೋಲು ಬೇಕು ಅಂದ್ರೆ ನೀವು ಪುಸ್ತಕಕ್ಕೆ ಮಾರ್ಕ್ಸ್ ಕೊಡ್ತಾ ಕೂತ್ರಿ. ಅಳಿಯನನ್ನ ನೋಡು ಅಂತ ಕಳಿಸಿದ್ರೆ ಅವನ ಅಂಗಿ ಇಸ್ತ್ರಿ ನೋಡ್ಕೊಂಡು ಬಂದ ಹಾಗೆ.

ಕಾಂಪೌಂಡರು: ಏಯ್, ಅವನನ್ನ ಯಾಕೆ ಅಂತೀಯ? ಅವನು ತಪ್ಪು ತರದೇ ಇದ್ದಿದ್ರೆ ನಾನೇ ಹುಡುಕ್ಕೋತಿದ್ದೆ.

ಪ್ರೂಫು: ಕೇಳಿಸ್ತಾ?

ಕಾಂಪೌಂಡರು: ನಿನ್ನ ಹೊಗಳ್ಲಿಲ್ಲ ಕಣೋ, ಹಿಗ್ಗಬೇಡ.

ಹೆಂಡತಿ ಲೋಟಗಳನ್ನು ಕಿಟಕಿಯ ಅಂಚಿನಲ್ಲಿ ಇಟ್ಟು, ಮೇಜಿಗೆ ಬೆನ್ನು ಕೊಟ್ಟು ನಿಂತರು.

ಹೆಂಡತಿ: ಸರಿ. ಒಂದು ಪ್ರಶ್ನೆ ಕೇಳ್ತೀನಿ, ಇಬ್ಬರೂ ಹೇಳಿ. ಎರಡು ರೈಲು ಎದುರುಬದುರು ಬರಬೇಕು, ನಡುವಿನ ಸ್ಟೇಷನ್ನಲ್ಲಿ ಒಂದು ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು. ಇಪ್ಪತ್ತು ವರ್ಷದಿಂದ ಈ ಮನೆಯಲ್ಲಿ ಕೇಳ್ತಿರೋ ಆಸೆ ಅದೊಂದೇ. ಹೌದೋ ಅಲ್ವೋ?

ಕಾಂಪೌಂಡರು: ಹೌದು.

ಹೆಂಡತಿ: ಅದು ಬುಧವಾರದ ಒಳಗೆ ಆಗುತ್ತಾ, ಇಲ್ವಾ?

ಆ ಮನೆಯಲ್ಲಿ ಹತ್ತು ದಿನಗಳಿಂದ ಆಪರೇಷನ್ ಎಂಬ ಶಬ್ದವನ್ನು ಯಾರೂ ಆಡಿರಲಿಲ್ಲ. 'ಬುಧವಾರ' ಎನ್ನುತ್ತಿದ್ದರು, ಬುಧವಾರವೆಂದರೆ ಯಾರೋ ಬರುವ ನೆಂಟರು ಎಂಬ ಹಾಗೆ. ಪ್ರೂಫಿಗೆ ಏನಾದರೂ ಹೇಳಬೇಕೆನಿಸಿತು. ಹೇಳಿದ್ದು ಇದು:

ಪ್ರೂಫು: ಅವಸರ ಮಾಡಿದ್ರೆ ತಪ್ಪಾಗುತ್ತೆ ಅತ್ತಿಗೆ. ಬುಧವಾರ ಮುಗೀಲಿ, ಇವನು ಎದ್ದು ಓಡಾಡೋ ಹಾಗಾಗಲಿ, ಆಮೇಲೆ ನಿಧಾನವಾಗಿ...

ಹೆಂಡತಿ: ನಿಧಾನವಾಗಿ! ಇಲ್ಲೀವರೆಗೆ ಏನು ಎಕ್ಸ್‌ಪ್ರೆಸ್ ಓಡಿಸ್ತಿದ್ರಾ?

ಅಷ್ಟು ಹೇಳಿ ಅವರು ಬಗ್ಗಿ, ಮೇಜಿನ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಎಳೆದು ತೆಗೆದರು. ಹೊಸ ಪೆಟ್ಟಿಗೆ. ಅಂಟುಪಟ್ಟಿ ಕೂಡ ಕಿತ್ತಿರಲಿಲ್ಲ.

ಕಾಂಪೌಂಡರು: ಇದೇನೇ ಇದು?

ಹೆಂಡತಿ: ಕಂಟ್ರೋಲು. ನಿನ್ನೆ ಸಂಜೆ ಹೋಗಿ ತಂದೆ.

ಪ್ರೂಫು: ಯಾವುದು? ಒಂದನೇದಾ, ಎರಡನೇದಾ?

ಹೆಂಡತಿ: ನಾಲ್ಕನೇದು.

ಹದಿನಾಲ್ಕು ತಿಂಗಳಲ್ಲಿ ಒಂದು ವಿಷಯದಲ್ಲೂ ಒಮ್ಮತಕ್ಕೆ ಬರದಿದ್ದ ಇಬ್ಬರು ಗಂಡಸರು ಆ ಕ್ಷಣ ಒಂದಾದರು.

ಕಾಂಪೌಂಡರು: ನಾಲ್ಕನೇದು ಪಟ್ಟೀಲೇ ಇಲ್ಲ!

ಪ್ರೂಫು: ಅದಕ್ಕೆ ಸೀಸೇನೇ ಇಲ್ಲ!

ಕಾಂಪೌಂಡರು: ಅಡ್ಡ ಪರಿಣಾಮ ಏನು ಅಂತ ಯಾರಿಗೆ ಗೊತ್ತು?

ಪ್ರೂಫು: ಯಾರನ್ನ ಕೇಳಿ ತಂದ್ರಿ ಅತ್ತಿಗೆ?

ಹೆಂಡತಿ: ಅಂಗಡಿಯವನನ್ನ ಕೇಳ್ದೆ. ನೋಡಪ್ಪಾ, ತಗೊಂಡು ಹೋದೋರು ಮತ್ತೆ ತಂದು ನಿನ್ನ ತಲೆ ತಿನ್ನದೇ ಇರೋದು ಯಾವುದು ಅಂದೆ. ಅವನು ಕಣ್ಣು ಮಿಟುಕಿಸದೆ ಇದನ್ನ ತೆಗೆದಿಟ್ಟ. ಎರಡು ನಿಮಿಷದ ಕೆಲಸ.

ಕಾಂಪೌಂಡರು: ಅಷ್ಟೇನಾ ಕೇಳಿದ್ದು?

ಹೆಂಡತಿ: ಇನ್ನೂ ಒಂದು ಕೇಳ್ದೆ. ನಿಮ್ಮಿಬ್ಬರ ಗುರುತು ಇದೆಯಾ ಅಂತ. ಇದೆ ಅಂದ. ಕೈ ಮುಗಿದ.

ಪ್ರೂಫು: ಪುಸ್ತಕ ಎಲ್ಲಿ? ಪುಸ್ತಕ ಕೊಡಿ ಮೊದಲು.

ಹೆಂಡತಿ: ಪುಸ್ತಕ ಇಲ್ಲ. ಒಂದು ಹಾಳೆ ಇದೆ.

ಪ್ರೂಫು: ಒಂದೇ ಹಾಳೇನಾ? ಒಂದು ಹಾಳೇಲಿ ತಪ್ಪು ಮಾಡ್ತೀನಿ ಅಂದ್ರೂ ಎಷ್ಟು ಮಾಡೋಕಾಗುತ್ತೆ?

ಹೆಂಡತಿ: ನಿಮ್ಮ ಹೊಟ್ಟೆ ತುಂಬಲ್ಲ, ನಿಜ.

ಪೆಟ್ಟಿಗೆಯಿಂದ ಒಂದು ಕಪ್ಪು ಡಬ್ಬಿ, ನಾಲ್ಕು ವೈರು, ಎರಡು ರಿಮೋಟು ಹೊರಬಂದವು. ಒಂದೊಂದು ರಿಮೋಟಿನ ಮೇಲೂ ಹತ್ತು ಅಂಕಿ, ಬೆರಳಲ್ಲಿ ತಿರುಗಿಸುವ ಒಂದು ಗುಂಡಿ. ವೈರು ಜೋಡಿಸುವುದು ತನ್ನ ಕೆಲಸವೆಂದು ಕಾಂಪೌಂಡರು ಹಟ ಹಿಡಿದರು. ಎರಡು ವೈರು ಜೋಡಿಸಿ ಸ್ಟೂಲಿನ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಇನ್ನೆರಡು ಜೋಡಿಸಿದರು. ಅಷ್ಟು ಹೊತ್ತೂ ಹೆಂಡತಿ ಮೇಜಿನ ಧೂಳು ಹೊಡೆಯುತ್ತಿದ್ದರು, ಪ್ರೂಫು ಕಿಟಕಿಯಾಚೆ ನೋಡುತ್ತಿದ್ದ. ಕಿಟಕಿಯಾಚೆ ಒಂದು ಗೋಡೆ ಇತ್ತು, ಅಷ್ಟೇ.

ಹೆಂಡತಿ: ಆಯ್ತಾ? ಕೇಳಿ ಈಗ, ಓದ್ತೀನಿ. 'ಎಂಜಿನ್ನನ್ನು ಹಳಿಯ ಮೇಲೆ ಇಡಿ.' ಆರೂ ಇದೆ. 'ಹೊಸ ಎಂಜಿನ್ನಾದರೆ ಮೂರು ಒತ್ತಿ.' ಒತ್ತಿದೆ. 'ಗುಂಡಿಯನ್ನು ನಿಧಾನವಾಗಿ ತಿರುಗಿಸಿ.'

ಪ್ರೂಫು: ತಡೀರಿ ಅತ್ತಿಗೆ, ಮೊದಲು ಯಾವ ಎಂಜಿನ್ನು ಓಡಿಸಬೇಕು ಅನ್ನೋದನ್ನ ಒಂದು ಮಾತು...

ಹೆಂಡತಿ ಗುಂಡಿ ತಿರುಗಿಸಿದರು.

ಆರೂ ಎಂಜಿನ್ನು ಒಟ್ಟಿಗೆ ಹೊರಟವು. ಮೂರು ಈ ಕಡೆಗೆ ಮುಖ ಮಾಡಿದ್ದವು, ಮೂರು ಆ ಕಡೆಗೆ. ಹದಿನಾಲ್ಕು ತಿಂಗಳ ಹಸಿವು. ಹಸಿರು ಎಂಜಿನ್ನು ಗೂಡ್ಸಿನದರ ಎದೆಗೆ ಗುದ್ದಿತು. ಇನ್ನೊಂದು ಜೋಡಿ ಸ್ಟೇಷನ್ನಿನ ಎದುರಿಗೇ ಮೂತಿಗೆ ಮೂತಿ ಕೊಟ್ಟು ನಿಂತು ಚಕ್ರ ತಿರುಗಿಸಿತು. ಒಂದು ಸುರಂಗದೊಳಗೆ ಹೋಯಿತು, ಆ ಕಡೆಯಿಂದಲೂ ಒಂದು ಹೋಯಿತು, ಒಳಗೆ ಸದ್ದಾಯಿತು, ಯಾವುದೂ ಹೊರಗೆ ಬರಲಿಲ್ಲ. ಕಪ್ಪು ಡಬ್ಬಿ ಕೆಂಪು ದೀಪ ಹಚ್ಚಿ ಕೀಚಲು ದನಿಯಲ್ಲಿ ಕೂಗಿಕೊಂಡಿತು.

ಪ್ರೂಫು: ನಾನು ಹೇಳ್ಲಿಲ್ವಾ! ನಾಲ್ಕನೇದು ಸರಿಯಿಲ್ಲ. ಒಂದನ್ನ ಕರೆದ್ರೆ ಆರೂ ಬರುತ್ತೆ ಅಂದ್ರೆ ಹಳೇದಕ್ಕೂ ಇದಕ್ಕೂ ಏನು ವ್ಯತ್ಯಾಸ? ಮೋಸ ಮಾಡಿದಾನೆ ಅಂಗಡಿಯವನು.

ಹೆಂಡತಿ: ಅಂಗಡಿಯವನು ಯಾಕೆ ಮೋಸ ಮಾಡ್ತಾನೆ? ಇವರು ಚಿಪ್ಪು ತಲೆಕೆಳಗೆ ಕೂರಿಸಿರಬೇಕು.

ಕಾಂಪೌಂಡರು: ನಾನಾ, ತಲೆಕೆಳಗೆ? ಮೂವತ್ತೆಂಟು ವರ್ಷದಲ್ಲಿ ಒಂದು ಮಾತ್ರೆ ತಪ್ಪು ಕೊಟ್ಟಿಲ್ಲ ನಾನು!

ಹೆಂಡತಿ: ಮಾತ್ರೆ ಹಳಿ ಮೇಲೆ ಓಡಲ್ವಲ್ಲ.

ಪ್ರೂಫು: ನೀವು ಒತ್ತಿದ್ದೇ ತಪ್ಪಿರಬಹುದು ಅತ್ತಿಗೆ.

ಹೆಂಡತಿ: ಟೈಪಿಸ್ಟಿಗೆ ಹೇಳ್ತೀರಾ ಒತ್ತಿದ್ದು ತಪ್ಪು ಅಂತ? ತಗೊಳ್ಳಿ, ಹಾಳೆ ತಿರುಗಿಸ್ತೀನಿ. ಹಿಂದುಗಡೆ ಏನೋ ಇದೆ. 'ಗಮನಿಸಿ: ಕಾರ್ಖಾನೆಯಿಂದ ಬರುವ ಎಲ್ಲ ಎಂಜಿನ್ ಚಿಪ್ಪುಗಳ ನಂಬರು ಮೂರು. ಬೇರೆ ಬೇರೆ ನಂಬರು ಕೊಡುವವರೆಗೆ ಒಂದಕ್ಕಿಂತ ಹೆಚ್ಚು ಎಂಜಿನ್ನನ್ನು ಹಳಿಯ ಮೇಲೆ ಇಡಬೇಡಿ.'

ಹೆಂಡತಿ ಇನ್ನೂ ಕೂಗುತ್ತಿದ್ದ ಡಬ್ಬಿಯನ್ನು ಆರಿಸಿದರು.

ಕಾಂಪೌಂಡರು: ಈ ವಿಷಯ ಆ ಮೂರು ಪುಸ್ತಕದಲ್ಲೂ ಇರಬೇಕಲ್ಲ?

ಪ್ರೂಫು: ಇದ್ದಿದ್ರೆ ನಾನು ನೋಡ್ತಿರಲಿಲ್ವಾ? ಒಂದೊಂದು ಅಕ್ಷರ ಓದಿದೀನಿ.

ಎನ್ನುತ್ತಲೇ ಅವನು ಕಪಾಟಿನಿಂದ ಮೊದಲ ಪುಸ್ತಕ ತೆಗೆದ. ಒಂಬತ್ತನೇ ಪುಟದಲ್ಲಿ ಇತ್ತು. ದಪ್ಪ ಅಕ್ಷರದಲ್ಲಿ, ಚೌಕದೊಳಗೆ ಇತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅವನದೇ ಗುರುತು: ಇಲ್ಲಿ ಅಲ್ಪವಿರಾಮ ಬೇಕು. ಎರಡನೆಯ ಪುಸ್ತಕದಲ್ಲೂ ಇತ್ತು. ಅಲ್ಲಿ ಎರಡು ಪದದ ನಡುವೆ ಜಾಗ ಹೆಚ್ಚಾಗಿದೆ ಎಂದು ಗುರುತು ಹಾಕಿದ್ದ. ಮೂರನೆಯದರಲ್ಲಿ ಆ ಸಾಲಿಗೆ ಗುರುತೇ ಇರಲಿಲ್ಲ. ಆ ಸಾಲು ಸರಿಯಾಗಿತ್ತು. ಆದ್ದರಿಂದ ಅವನು ನಿಂತಿರಲಿಲ್ಲ.

ಪ್ರೂಫು: (ಮೆಲ್ಲಗೆ) ಇದೆ.

ಹೆಂಡತಿ: ಎಷ್ಟರಲ್ಲಿ?

ಪ್ರೂಫು: ಮೂರರಲ್ಲೂ.

ಹೆಂಡತಿ: ಅಂದ್ರೆ ಹದಿನಾಲ್ಕು ತಿಂಗಳಲ್ಲಿ ಯಾವ ಕಂಟ್ರೋಲು ತಂದಿದ್ರೂ ಇದೇ ಡಿಕ್ಕಿ ಆಗ್ತಿತ್ತು. ಎಲ್ಲಾ ತಪ್ಪು ಕಂಡಿದೆ ನಿಮಗೆ, ಹೇಳಿರೋ ಮಾತೊಂದು ಬಿಟ್ಟು.

ಪ್ರೂಫಿಗೆ ಗೆಳೆಯನ ಮುಖ ನೋಡುವ ಧೈರ್ಯ ಬರಲಿಲ್ಲ. ಮುಖ ನೋಡುವ ಮೊದಲೇ ನಗು ಕೇಳಿಸಿತು. ಕಾಂಪೌಂಡರು ಸ್ಟೂಲಿನ ಮೇಲೆ ಕೂತು, ಎದೆಯ ಮೇಲೆ ಕೈ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಹೆಂಡತಿ: ನಗಬೇಡಿ ರೀ. ಡಾಕ್ಟ್ರು ಏನಂದಿದಾರೆ?

ಕಾಂಪೌಂಡರು: ನಗಬೇಡ ಅಂತ ಚೀಟೀಲಿ ಬರೆದಿಲ್ಲ ಕಣೇ. ಅವನೊಬ್ಬನೇ ಅಲ್ಲ, ನಾನೂ ಓದಿದೀನಿ. ಮೂರು ಸಲ. 'ಎಲ್ಲಕ್ಕೂ ಮೂರು' ಅಂತಿತ್ತಾ, ದಿನಕ್ಕೆ ಮೂರು ಅಂದ ಹಾಗೆ ಓದ್ಕೊಂಡು ಮುಂದೆ ಹೋಗ್ಬಿಟ್ಟೆ. ಅಲ್ಲಾ ಪ್ರೂಫು, ಇಬ್ಬರೂ ಓದಿ ಓದಿ ಕೂಚು ಭಟ್ಟರಾದ್ವಲ್ಲೋ!

ಪ್ರೂಫು: ನನ್ನಿಂದ ನಿನಗೆ ಒಂದು ವರ್ಷ ಹಾಳಾಯ್ತು.

ಕಾಂಪೌಂಡರು: ಒಂದು ವರ್ಷ ಎರಡು ತಿಂಗಳು. ತಪ್ಪು ಹೇಳಬೇಡ.

ಕೆಲಸಕ್ಕೆ ಕೈ ಹಾಕಿದವರು ಹೆಂಡತಿ. ಐದು ಎಂಜಿನ್ನನ್ನು ಕೆಳಗಿಳಿಸಿ, ಒಂದನ್ನು ಹಳಿಯ ಮೇಲೆ ಇಟ್ಟು, ನಂಬರು ಒತ್ತಿ, ಮುಂದಿನದನ್ನು ಇಟ್ಟು, ಮತ್ತೆ ಒತ್ತಿ. ಅವರ ಬೆರಳುಗಳಿಗೆ ಕಣ್ಣಿದ್ದವು.

ಪ್ರೂಫು: ಅತ್ತಿಗೆ, ತಪ್ಪು ತಿಳೀಬೇಡಿ. ನಂಬರು ಕೊಡೋದಕ್ಕೆ ಒಂದು ಕ್ರಮ ಅಂತ ಇರಬೇಕಲ್ವಾ? ಉಗಿ ಎಂಜಿನ್ನಿಗೆಲ್ಲಾ ಹತ್ತರ ಮೇಲಿನ ಸಂಖ್ಯೆ, ಡೀಸೆಲ್ಲಿಗೆ ಇಪ್ಪತ್ತರ ಮೇಲೆ, ಗೂಡ್ಸಿಗೆ...

ಕಾಂಪೌಂಡರು: ಪ್ರೂಫು.

ಪ್ರೂಫು: ಏನು?

ಕಾಂಪೌಂಡರು: ಸುರಂಗದಲ್ಲಿ ಏನೋ ಬರೆದಿದೆಯಲ್ಲ, ಹೋಗಿ ಓದ್ತಾ ಇರು.

ಒಂದರಿಂದ ಆರರವರೆಗೆ ನಂಬರು ಬಿತ್ತು. ಒಂದನೇ ನಂಬರಿನ ಕಪ್ಪು ಎಂಜಿನ್ನಿಗೆ ಮೂರು ಡಬ್ಬಿ ಸಿಕ್ಕಿಸಿ ಪ್ರಯಾಣಿಕರ ಗಾಡಿ ಮಾಡಿದರು, ನಾಲ್ಕನೆಯದಕ್ಕೆ ಗೂಡ್ಸು. ಕಾಂಪೌಂಡರು ಒಂದು ರಿಮೋಟು ಕೈಗೆ ತೆಗೆದುಕೊಂಡರು. ಎರಡನೆಯ ರಿಮೋಟಿನ ಕಡೆ ಪ್ರೂಫು ಕೈ ಚಾಚಿದ. ಇಪ್ಪತ್ತು ವರ್ಷದ ಕನಸಿನಲ್ಲಿ ಎದುರಿನ ರೈಲು ಓಡಿಸುವವನು ತಾನೇ ಎಂದು ಅವನು ಯಾರನ್ನೂ ಕೇಳದೆ ನಂಬಿಕೊಂಡಿದ್ದ. ಅವನ ಕೈ ತಲುಪುವ ಮೊದಲೇ ಹೆಂಡತಿ ಅದನ್ನು ಎತ್ತಿಕೊಂಡರು.

ಪ್ರೂಫು: ಮತ್ತೆ ನನಗೆ?

ಹೆಂಡತಿ: ನೀವು ನೋಡಿ.

ಪ್ರೂಫು: ಬರೀ ನೋಡೋದಾ?

ಹೆಂಡತಿ: ಇಷ್ಟು ದಿನ ನಾನು ನಿಮ್ಮಿಬ್ಬರನ್ನ ನೋಡ್ಲಿಲ್ವಾ? ಬೇಕಾದ್ರೆ ಸ್ಟೇಷನ್ನಿಗೆ ಹಳಿ ಬದಲಿಸೋ ಆ ಸಣ್ಣ ಹಿಡಿ ಇದೆಯಲ್ಲ, ಅದನ್ನ ತಳ್ಳಿ. ಆದ್ರೆ ನಾನು ಹೇಳ್ದಾಗ. ಯೋಚನೆ ಮಾಡಬೇಡಿ, ತಳ್ಳಿ.

ಪ್ರೂಫು ಮೊಣಕಾಲೂರಿ ಕೂತು ಹಿಡಿಯ ಮೇಲೆ ಬೆರಳಿಟ್ಟ. ಗುಡ್ಡದ ಈಚೆಯಿಂದ ಗೂಡ್ಸು ಹೊರಟಿತು, ಆಚೆಯಿಂದ ಪ್ರಯಾಣಿಕರ ಗಾಡಿ.

ಕಾಂಪೌಂಡರು: ನಿಧಾನ ಕಣೇ. ನಿನ್ನದು ಗೂಡ್ಸು.

ಹೆಂಡತಿ: ನಿಮ್ಮದೂ ನಿಧಾನವೇ ಬರಲಿ. ನಾನು ನಿಲ್ಲಿಸ್ತೀನಿ, ನೀವು ಮುಂದೆ ಹೋಗಿ.

ಕಾಂಪೌಂಡರು: ನಾನು ನಿಲ್ಲಿಸ್ತೀನಿ, ನೀನು ಹೋಗು.

ಹೆಂಡತಿ: ಗೂಡ್ಸು ನಿಂತು ಪ್ಯಾಸೆಂಜರಿಗೆ ದಾರಿ ಬಿಡೋದು ಲೋಕದ ರೀತಿ. ಅದರಲ್ಲೂ ವಾದಾನಾ? ಪ್ರೂಫಣ್ಣ, ತಳ್ಳಿ!

ಪ್ರೂಫು ತಳ್ಳಿದ. ಗೂಡ್ಸು ಪಕ್ಕದ ಹಳಿಗೆ ಸರಿದು, ಪ್ಲಾಟ್‌ಫಾರಮ್ಮಿನ ಪಕ್ಕದಲ್ಲಿ ನಿಂತಿತು. ಕಪ್ಪು ಎಂಜಿನ್ನು ಮೂರು ಡಬ್ಬಿಗಳನ್ನು ಎಳೆದುಕೊಂಡು ಅದರ ಬದಿಯಲ್ಲೇ ಹಾದು ಹೋಯಿತು. ಡಬ್ಬಿಗೂ ಡಬ್ಬಿಗೂ ನಡುವೆ ಒಂದು ಬೆರಳಿನ ಜಾಗವಿತ್ತು. ಏಳೆಂಟು ಸೆಕೆಂಡು, ಅಷ್ಟೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕಾಂಪೌಂಡರು: ಇನ್ನೊಂದು ಸಲ.

ಅವತ್ತು ಹನ್ನೊಂದು ಸಲ ಆಯಿತು. ಪ್ರೂಫಿನ ಮೊಣಕಾಲು ಹಿಡಿದುಕೊಂಡಿತು. ಸೋಮವಾರ ಮತ್ತೆ ಆಯಿತು. ಸೋಮವಾರ ಹೆಂಡತಿ ರಿಮೋಟನ್ನು ಪ್ರೂಫಿನ ಕೈಗೆ ಕೊಟ್ಟು, 'ನನಗೆ ಕೆಳಗೆ ಕೆಲಸ ಇದೆ' ಎಂದು ಮೆಟ್ಟಿಲ ಮೇಲೆ ಕೂತಿದ್ದರು. ಮಂಗಳವಾರ ಬ್ಯಾಗು ತುಂಬುವುದಿತ್ತು.

ಬುಧವಾರ ಬೆಳಿಗ್ಗೆ ವಾರ್ಡಿನಲ್ಲಿ ಸಿಸ್ಟರ್ ಒಂದು ಫಾರಂ ತಂದರು. ಎರಡು ಪುಟ, ಕೊನೆಯಲ್ಲಿ ರೋಗಿಯ ಸಹಿ, ತಾರೀಖು. ಹಸಿರು ಗೌನು ತೊಟ್ಟು ಮಂಚದ ಮೇಲೆ ಕೂತಿದ್ದ ಕಾಂಪೌಂಡರು ಅದನ್ನು ಪ್ರೂಫಿಗೆ ದಾಟಿಸಿದರು.

ಕಾಂಪೌಂಡರು: ಓದು.

ಪ್ರೂಫು ಎರಡೂ ಪುಟ ಓದಿದ. ಅಚ್ಚಿನ ತಪ್ಪು ನಾಲ್ಕಿದ್ದವು. ಒಂದು ತಪ್ಪು ಬಹಳ ದೊಡ್ಡದಾಗಿತ್ತು. ಅವನು ಕಾಗದ ವಾಪಸು ಕೊಟ್ಟ.

ಪ್ರೂಫು: ಸರಿಯಾಗಿದೆ.

ಕಾಂಪೌಂಡರು: ಏನೂ ಇಲ್ವಾ?

ಪ್ರೂಫು: ಏನೂ ಇಲ್ಲ. ಹಾಕು ಸಹಿ.

ಕಾಂಪೌಂಡರು ಒಂದು ಗಳಿಗೆ ಅವನನ್ನೇ ನೋಡಿದರು. ಪ್ರೂಫಿನ ಜೇಬಿನಿಂದ ಪೆನ್ನು ಕಿತ್ತುಕೊಂಡು, ಸಹಿ ಹಾಕಿ, ಕೆಳಗೆ ತಾರೀಖು ಬರೆದರು. ಬರೆದದ್ದು ಮಂಗಳವಾರದ ತಾರೀಖು. ಪ್ರೂಫು ನೋಡಿದ. ಬಾಯಿ ತೆರೆಯಿತು, ಮುಚ್ಚಿತು. ಹೆಂಡತಿ ಅವನ ತೋಳು ಹಿಡಿದರು.

ಕಾಂಪೌಂಡರು: ಏನು?

ಪ್ರೂಫು: ಏನಿಲ್ಲ.

ಕಾಂಪೌಂಡರು: ಏನೋ ಇದೆ. ಹೇಳು.

ಪ್ರೂಫು: ಏನಿಲ್ಲ ಅಂದ್ನಲ್ಲ. ಚೆನ್ನಾಗಿದೆ.

ಕಾಂಪೌಂಡರು: ಥೂ ನಿನ್ನ! ಇಡೀ ಜೀವಮಾನದಲ್ಲಿ ಒಂದು ತಪ್ಪನ್ನ ಬೇಕು ಅಂತ ಮಾಡ್ದೆ, ಅದನ್ನೂ ಬಿಟ್ಟೆಯಲ್ಲೋ. ಅಷ್ಟು ಹೆದರಿದೀಯಾ?

ಸಿಸ್ಟರ್ ಕೈ ಚಾಚಿದರು. ಒಂದು ನಿಮಿಷ ತಾಯಿ ಎಂದು ಕಾಂಪೌಂಡರು ಫಾರಮ್ಮನ್ನು ತೊಡೆಯ ಮೇಲೆ ಇಟ್ಟುಕೊಂಡರು. ತಪ್ಪು ತಾರೀಖಿನ ಮೇಲೆ ಒಂದೇ ಒಂದು ಗೆರೆ ಎಳೆದು, ಮೇಲುಗಡೆ ಬುಧವಾರದ ತಾರೀಖು ಬರೆದು, ಔಷಧದ ಚೀಟಿಯಲ್ಲಿ ತಿದ್ದಿದಾಗ ಮಾಡುವ ಹಾಗೆ, ಪಕ್ಕದಲ್ಲಿ ಚಿಕ್ಕದಾಗಿ ಸಹಿ ಹಾಕಿದರು.